ಒಗರು

ಸವಣೂರಿನ ಎಲೆ ತಿಂದ ಬಾಯಿ ಕೆಂಪಾಗಿ ನಗುತ್ತದೆ.
ನಡುವಯಸ್ಸಿಗೆ ಒಳಗೊಳಗೇ ಸಡಿಲಾಗುತ್ತದೆ.
ಒಸಡು ಉಬ್ಬಿ, ಹಲ್ಲು ತೂಗಿ,
ಕಟಕರೊಟ್ಟಿಯ ಅಂಚು ಕಚ್ಚಿದರೆ ರಕ್ತ.
ಆಗ ನೆನಪಾಗುತ್ತಿತ್ತು ಊರಿಗೆ
ನಮ್ಮ ಓಣಿ.

ಗಾಳಿ ತಿರುಗಿದರೆ ಮಂದಿ ಕಿಟಕಿ ಮುಚ್ಚುತ್ತಿದ್ದ ಓಣಿ.
ಸುಣ್ಣದ ಬಾನಿ ಒಂದು, ತೊಗಟೆಯ ಬಾನಿ ಎರಡು.
ಸತ್ತ ಎತ್ತಿನ ತೊಗಲು ಅದರೊಳಗೆ
ತಿಂಗಳುಗಟ್ಟಲೆ ಮಲಗಿ ಹದಕ್ಕೆ ಬರುವುದನ್ನು
ದಿನಾ ನೋಡಿ ಶಾಲೆಗೆ ಹೋಗುತ್ತಿದ್ದೆ.
ಶಾಲೆಯಲ್ಲಿ ಹೇಳುತ್ತಿರಲಿಲ್ಲ.

ನಸುಕಿಗೇ ಎರೆಹೊಲದ ಬದುವಿಗೆ ಹೊರಡುವಳು
ನನ್ನ ಸೋದರತ್ತೆ ಗಾಳೆವ್ವ.
ಕುಡಗೋಲು, ಗೋಣಿಚೀಲ, ಹಿಂದೆ ನಾನು.
ಕರಿಜಾಲಿ:
ಕಾಯಿ ಕುರಿಗೆ, ಕೊರಡು ಕುಂಟೆಗೆ,
ಮುಳ್ಳು ಬೇಲಿಗೆ,
ಉಳಿದದ್ದು ನಮಗೆ.
"ಸುತ್ತ ಸುಲೀಬಾರದು. ಸುತ್ತ ಸುಲಿದ್ರ ಸಾಯ್ತೈತಿ.
ಒಂದ ಮಗ್ಗಲಾ, ಅಂಗೈ ಅಗಲ.
ಬರೂ ವರ್ಷ ಬ್ಯಾರೆ ಗಿಡ."
ಗಾಯಕ್ಕೆ ಸಗಣಿ ಮೆತ್ತಿ, ಕೈ ಒರೆಸಿಕೊಂಡು ಏಳುವಳು.

ಮೇಲಿನ ಕರಿ ಸಿಪ್ಪೆ ಕೆತ್ತಿ ಒಗೆಯಬೇಕು.
ಒಳಗಿನದು ಇಟ್ಟಂಗಿ ಬಣ್ಣ, ನಾರುನಾರು.
ಎರಡು ಮುಷ್ಟಿ ಜಜ್ಜಿ, ತಂಬಿಗೆ ನೀರು ಹಾಕಿ
ಅರ್ಧಕ್ಕೆ ಇಳಿಯುವವರೆಗೆ ಕುದಿಸು.
ಕಡಲೆಬೇಳೆಯಷ್ಟು ಪಟಕ.
ಉಗುರುಬೆಚ್ಚಗೆ ಬಾಯಲ್ಲಿ ಹಿಡಿದು ನೂರು ಎಣಿಸು,
ನುಂಗಬೇಡ, ಉಗುಳು.
ಬಾಯಿಹುಣ್ಣಿನ ಕೂಸಿಗಾದರೆ ಅರಳೆಯಲ್ಲಿ ಅದ್ದಿ ಒರೆಸು.
ಒಡೆದ ಹಿಮ್ಮಡಿಗೂ ಅದೇ ನೀರು.
"ಹುಳುಕ ಹಲ್ಲಿಗೆ ಇದು ನಡ್ಯಾಂಗಿಲ್ರಿ,
ಹಾವೇರಿಗೆ ಹೋಗಿ ಡಾಕ್ಟರ್‌ಗೆ ತೋರಸ್ರಿ,"
ಎಂದು ಎಂಟಾಣೆ ಮರಳಿ ಕೊಟ್ಟದ್ದನ್ನೂ ಕಂಡಿದ್ದೇನೆ.

ಮೊದಲ ಗುಟುಕಿಗೆ ಕೆನ್ನೆ ಒಳಕ್ಕೆ ಸೇದುತ್ತದೆ.
ನಾಲಿಗೆ ತನ್ನದಲ್ಲದ ನಾಲಿಗೆ.
ಒಂದಿಷ್ಟು ಹೊತ್ತು
ಯಾರಿಗೂ ಏನೂ ಬೈಯಲಾಗುವುದಿಲ್ಲ.

ದ್ಯಾವನಗೌಡರು ಕತ್ತಲಾದ ಮೇಲೆ ಬರುವರು,
ಧೋತರದ ಚುಂಗು ಮೂಗಿಗೆ.
ಮೂಲೆಗಲ್ಲಿನ ಮೇಲೆ ಸೀಸೆ ಇಟ್ಟು
ನಾಲ್ಕು ಹೆಜ್ಜೆ ಹಿಂದೆ ಸರಿದು, ಆಕಾಶ ನೋಡುತ್ತ:
"ಮ್ಯಾಲಿಂದ ಹೊಯ್ಯವಾ, ತಾಗಸಬ್ಯಾಡ."
ಅತ್ತೆ ಮೇಲಿಂದ ಹೊಯ್ಯುವಳು, ಕೆಂಪು ನೂಲಿನಂಥ ಧಾರೆ,
ಒಂದು ಹನಿ ಆಚೆ ಬಿದ್ದದ್ದಿಲ್ಲ.

ನಾನು ಕೇಳಿದೆ: ಇದು ಬಾನಿಯೊಳಗಿಂದಽ ತೊಗಟಿ ಅಲ್ಲೇನು?
ನಕ್ಕಳು. "ಅದಽ. ಅದಕ್ಕೇನ ಗೊತ್ತು
ಎತ್ತಿನ ತೊಗಲೋ, ಗೌಡರ ಒಸಡೋ?
ಸಡ್ಲ ಇದ್ದದ್ದು ಬಿಗೀತೈತಿ, ಅಷ್ಟ.
ಹೇಳಬ್ಯಾಡ ಮತ್ತ,
ಪಾಪ, ಬಾಯಿ ತೊಳಕೊಂಡಾರು."

ಬಾನಿಗಳನ್ನು ಮಣ್ಣು ಹಾಕಿ ಮುಚ್ಚಿ ಬಹಳ ವರ್ಷವಾಯಿತು.
ಈಗ ನನ್ನದೇ ಒಸಡು.
ಬ್ರಷ್ಷಿನ ತುದಿಯಲ್ಲಿ ಬೆಳಬೆಳಗ್ಗೆ ಗುಲಾಬಿ ನೊರೆ.
ಔಷಧದಂಗಡಿಯವನು ಕೊಟ್ಟ ಹಸಿರು ನೀರು
ಸಿಹಿಯಾಗಿ, ಘಮಘಮಿಸಿ, ಹೋಯಿತು.
ಗುಣವಿರಬಹುದು. ಇಲ್ಲವೆನ್ನಲಾರೆ.
ಆದರೆ ಅದು ನನ್ನನ್ನು ಹಿಡಿದು ಅಲ್ಲಾಡಿಸಲಿಲ್ಲ,
ಯಾರ ಮಗಳು ನೀನು ಎಂದು ಕೇಳಲಿಲ್ಲ.

ಅತ್ತೆ ಸತ್ತ ದಿನ ಮೈ ತೊಳೆದವಳು ನಾನು.
ಸೀಗೆ ಹಚ್ಚಿದೆ, ಸಾಬೂನು ಹಚ್ಚಿದೆ,
ಮೊಣಕೈವರೆಗಿನ ಆ ಕೆಂಪು ಬಿಡಲಿಲ್ಲ.
ಎಂದೂ ಮಾಸದ ಮದರಂಗಿ.
ಮುಖವೆಲ್ಲ ಸುಕ್ಕುಸುಕ್ಕು,
ಅಂಗೈ ಮಾತ್ರ
ಹೊಸ ಕೆರದ ಅಟ್ಟೆಯಂತೆ ಗಟ್ಟಿ, ನುಣುಪು.

ಗೌಡರು ಬಂದಿದ್ದರು. ಎಂಬತ್ತು ದಾಟಿದ ಜೀವ.
ಮೂಲೆಗಲ್ಲಿನ ಆಚೆಗೇ ನಿಂತು
ಏನೋ ಹೇಳಲು ಬಾಯಿ ತೆರೆದರು,
ಹೇಳಲಿಲ್ಲ.
ಕಚ್ಚಿ ಹಿಡಿದರು
ಹಲ್ಲು,
ಒಂದೂ ಅಲುಗದ ಅಷ್ಟೂ ಹಲ್ಲು.